ಒಂದೇ ಕಂಪ್ಯೂಟರ್‌ಗೆ ಎಂಟು ಜನ ಲಾಗಿನ್ ಆಗೋದು ಹೇಗೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಆಡಿಟರ್ ಆಫೀಸು. ಎಂಟು ಜನ ಇದ್ದೇವೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಕೆಲಸ. ಡೇಟಾ ಎಲ್ಲಾ ಒಂದೇ ಒಳ್ಳೆ ಕಂಪ್ಯೂಟರ್‌ನಲ್ಲಿಟ್ಟು, ಎಲ್ಲರೂ ತಮ್ಮ ಹಳೇ ಪಿಸಿಗಳಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕೆಲಸ ಮಾಡಲಿ ಅಂತ ಯೋಚನೆ. ಇಬ್ಬರು ಆಗಾಗ ಮನೆಯಿಂದಲೂ ಮಾಡುತ್ತಾರೆ. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಪ್ರೊ ಇದೆ. ಎರಡನೆಯವರು ಲಾಗಿನ್ ಆದ ಕೂಡಲೇ ಮೊದಲಿನವರು ಹೊರಗೆ ಬೀಳುತ್ತಾರೆ. ವಿಂಡೋಸ್ ಒಳಗಿನ ಒಂದು ಡಿಎಲ್‌ಎಲ್ ಫೈಲ್ ಬದಲಿಸಿದರೆ ಸರಿಹೋಗುತ್ತೆ ಅಂತ ಯೂಟ್ಯೂಬ್‌ನಲ್ಲಿ ತೋರಿಸುತ್ತಾರೆ. ಮಾಡಬಹುದಾ?

ಉತ್ತರ: ಬೇಡ. ಅದು ನಡೆಯುವುದೇ ಇಲ್ಲ ಅಂತಲ್ಲ, ನಡೆಯುತ್ತೆ. ಮುಂದಿನ ವಿಂಡೋಸ್ ಅಪ್‌ಡೇಟ್ ಬಂದಾಗ ಆ ಫೈಲ್ ಮತ್ತೆ ಬದಲಾಗಿ, ರಿಟರ್ನ್ ಫೈಲ್ ಮಾಡುವ ಕೊನೆಯ ದಿನವೇ ಎಲ್ಲರೂ ಹೊರಗೆ ನಿಲ್ಲಬಹುದು. ಆಮೇಲೆ ಅಪ್‌ಡೇಟನ್ನೇ ಬಂದ್ ಮಾಡಿ ಕೂರುತ್ತೀರಿ, ಅದು ಇನ್ನೂ ಅಪಾಯ. ಲೈಸೆನ್ಸ್ ನಿಯಮದ ಪ್ರಕಾರವೂ ತಪ್ಪು. ಬೇರೆಯವರ ಲೆಕ್ಕ ನೋಡುವ ಆಫೀಸಿಗೆ ಇದು ಚೆಂದ ಅಲ್ಲ, ಅಲ್ವಾ?

ವಿಂಡೋಸ್ 10 ಅಥವಾ 11 ಪ್ರೊ ಒಂದು ಹೊತ್ತಿಗೆ ಒಬ್ಬರಿಗೇ ಅಂತ ಮಾಡಿದ್ದು. ಸರ್ವರ್ ಆವೃತ್ತಿಯಲ್ಲೂ ಸುಮ್ನೆ ರಿಮೋಟ್ ಆನ್ ಮಾಡಿದರೆ ಇಬ್ಬರಿಗೆ ಮಾತ್ರ ಜಾಗ. ಅದೂ ಸರ್ವರ್ ನೋಡಿಕೊಳ್ಳುವವರ ಕೆಲಸಕ್ಕೆ ಕೊಟ್ಟದ್ದು, ದಿನದ ಟ್ಯಾಲಿ ಎಂಟ್ರಿಗಲ್ಲ. ಎಂಟು ಜನ ಬೇಕೆಂದರೆ ವಿಂಡೋಸ್ ಸರ್ವರ್ ಹಾಕಿ, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ಮತ್ತು ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸಿಂಗ್ ಎಂಬ ಎರಡು ರೋಲ್ (ಒಂದು ಹಲವರ ಲಾಗಿನ್ ಅಂದರೆ ಸೆಷನ್ ನಡೆಸುವುದು, ಇನ್ನೊಂದು ಲೈಸೆನ್ಸ್ ಹಂಚುವುದು) ಸೇರಿಸಬೇಕು. ಅಪ್ಲಿಕೇಶನ್‌ಗಳನ್ನು ಹಾಕುವ ಮೊದಲೇ ಸೆಷನ್ ಹೋಸ್ಟ್ ಹಾಕಿಬಿಡಿ. ಆಮೇಲೆ ಹಾಕಿದರೆ ಕೆಲವು ಅಪ್ಲಿಕೇಶನ್‌ಗಳು ಒಬ್ಬರಿಗೆ ಓಡುತ್ತವೆ, ಇನ್ನೊಬ್ಬರಿಗೆ ಓಡುವುದಿಲ್ಲ.

ಜನ ಜಾಸ್ತಿ ಎಡವುವುದು ಲೈಸೆನ್ಸ್‌ನಲ್ಲಿ. ಸರ್ವರ್ ಲೈಸೆನ್ಸ್ ಒಂದು, ಸರ್ವರ್ ಬಳಸಲು ಕ್ಯಾಲ್ (ಸರ್ವರ್‌ಗೆ ಸೇರುವ ಪರವಾನಗಿ) ಒಂದು, ರಿಮೋಟ್ ಡೆಸ್ಕ್‌ಟಾಪ್‌ಗೆ ಆರ್‌ಡಿಎಸ್ ಕ್ಯಾಲ್ ಇನ್ನೊಂದು. ಮೂರೂ ಬೇಕು. ರೋಲ್ ಹಾಕಿದ ಮೇಲೆ 120 ದಿನ ಕ್ಯಾಲ್ ಇಲ್ಲದೆಯೂ ನಡೆಯುತ್ತೆ. ಹಾಗಾಗಿ ಅಂಗಡಿಯವನು ಸೆಟಪ್ ಮಾಡಿಕೊಟ್ಟು ಹೋದಾಗ ಎಲ್ಲಾ ಸರಿಯಾಗಿಯೇ ಕಾಣುತ್ತೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಬಿಲ್ಲಿನಲ್ಲಿ ಆರ್‌ಡಿಎಸ್ ಕ್ಯಾಲ್ ಅಂತ ಬೇರೆ ಸಾಲು ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕ್ಯಾಲ್‌ನ ಆವೃತ್ತಿ ಸರ್ವರ್‌ನದ್ದೇ ಆಗಿರಬೇಕು ಅಥವಾ ಅದಕ್ಕಿಂತ ಹೊಸದಾಗಿರಬೇಕು. 2019ರ ಕ್ಯಾಲ್ 2022ರ ಸರ್ವರ್‌ಗೆ ಬರುವುದಿಲ್ಲ.

ಆರ್‌ಡಿಎಸ್ ಕ್ಯಾಲ್ ಎರಡು ಬಗೆ: ಪರ್ ಯೂಸರ್, ಪರ್ ಡಿವೈಸ್. ಎಂಟು ಜನರ ಆಫೀಸಿನಲ್ಲಿ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇರುವುದು ಕಡಿಮೆ, ನಿಮ್ಮದೂ ಅದಿಲ್ಲದ ವರ್ಕ್‌ಗ್ರೂಪ್ ಅಂತಲೇ ಇಟ್ಟುಕೊಳ್ಳುತ್ತೇನೆ. ಹಾಗಿದ್ದರೆ ಪರ್ ಡಿವೈಸ್ ತೊಗೊಳ್ಳಿ. ಸರ್ವರ್ 2019ರಿಂದ ಈಚೆಗೆ, ವರ್ಕ್‌ಗ್ರೂಪ್‌ನಲ್ಲಿ ಪರ್ ಯೂಸರ್ ಇಟ್ಟರೆ 60 ನಿಮಿಷಕ್ಕೊಮ್ಮೆ ಲೈಸೆನ್ಸ್ ಸಮಸ್ಯೆ ಅಂತ ಹೇಳಿ ಸೆಷನ್ ಕಡಿದುಹಾಕುತ್ತದೆ. ಗಂಟೆಗೊಮ್ಮೆ ನೆಟ್ ಹೋಗುತ್ತಿದೆ ಅಂತ ಇಂಟರ್ನೆಟ್ ಕೊಟ್ಟವರಿಗೆ ಬೈಯುತ್ತಾ ಕೂರುವವರ ಸಮಸ್ಯೆ ಎಷ್ಟೋ ಸಲ ಇದೇ. ಲೈಸೆನ್ಸ್ ಸರ್ವರ್ ಹೆಸರನ್ನೂ ಪರ್ ಡಿವೈಸ್ ಮೋಡನ್ನೂ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳ ಪಟ್ಟಿ) ನೀವೇ ತುಂಬಬೇಕು, ತಾನಾಗಿ ಆಗುವುದಿಲ್ಲ. ತುಂಬಿದ ಮೇಲೆ ಲೈಸೆನ್ಸಿಂಗ್ ಡಯಾಗ್ನೋಸರ್ ತೆಗೆದು ಎಚ್ಚರಿಕೆ ಏನಾದರೂ ಇದೆಯಾ ನೋಡಿ.

ಪರ್ ಡಿವೈಸ್ ಅಂದರೆ ಲೆಕ್ಕ ಜನದ್ದಲ್ಲ, ಯಂತ್ರದ್ದು. ಮನೆಯಿಂದ ಮಾಡುವ ಇಬ್ಬರಿಗೆ ಆಫೀಸ್ ಪಿಸಿ ಒಂದು, ಮನೆ ಲ್ಯಾಪ್‌ಟಾಪ್ ಒಂದು. ಹಾಗಾಗಿ ನಿಮಗೆ ಎಂಟಲ್ಲ, ಹತ್ತು ಬೇಕು. ಹಳೇ ಪಿಸಿ ಕೆಟ್ಟುಹೋದರೆ ಅದಕ್ಕೆ ಕೊಟ್ಟ ಕ್ಯಾಲ್ ವ್ಯರ್ಥವಾಗುವುದಿಲ್ಲ. 52ರಿಂದ 89 ದಿನದೊಳಗೆ ತಾನಾಗಿ ವಾಪಸ್ ಬರುತ್ತೆ.

ಎಲ್ಲರಿಗೂ ಬೇರೆ ಬೇರೆ ಯೂಸರ್ ಮಾಡಿ, ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿಗೆ ಸೇರಿಸಿ. ಯಾರಿಗೂ ಅಡ್ಮಿನ್ ಹಕ್ಕು ಬೇಡ, ಯಜಮಾನರಿಗೂ ಬೇಡ. ಇನ್ನೊಂದು ಅಭ್ಯಾಸ ಗಮನಿಸಿ. ಸಂಜೆ ಹೋಗುವಾಗ ಜನ ಮೇಲಿನ ಪಟ್ಟಿಯಲ್ಲಿರುವ ಎಕ್ಸ್ ಒತ್ತಿ ಎದ್ದು ಹೋಗುತ್ತಾರೆ. ಅದು ಸೈನ್ ಔಟ್ ಅಲ್ಲ. ಅವರ ಟ್ಯಾಲಿ, ಅವರು ತೆರೆದಿಟ್ಟ ಇಪ್ಪತ್ತು ಬ್ರೌಸರ್ ಟ್ಯಾಬ್ ಎಲ್ಲಾ ಸರ್ವರ್‌ನಲ್ಲಿ ಹಾಗೇ ಓಡುತ್ತಿರುತ್ತವೆ. ಡಿಸ್ಕನೆಕ್ಟ್ ಆದ ಸೆಷನ್ ಮೂರು ತಾಸಾದ ಮೇಲೆ ಮುಗಿಯಲಿ ಅಂತ ಪಾಲಿಸಿಯಲ್ಲಿ ಹಾಕಬಹುದು. ಆದರೆ ಸೇವ್ ಮಾಡದ ಎಕ್ಸೆಲ್ ಅದರ ಜೊತೆಗೇ ಹೋಗುತ್ತೆ, ಆಫೀಸಿನಲ್ಲಿ ಮೊದಲೇ ಹೇಳಿಬಿಡಿ. ಮೆಮೊರಿ 32 ಜಿಬಿ ಹಾಕಿಸಿ. ಮೆಮೊರಿ ತಿನ್ನುವುದು ಟ್ಯಾಲಿ ಅಲ್ಲ, ಬ್ರೌಸರ್. ಹಾರ್ಡ್ ಡಿಸ್ಕ್ ಬೇಡವೇ ಬೇಡ, ಎಸ್‌ಎಸ್‌ಡಿ ಇರಲಿ.

ಟ್ಯಾಲಿ ಸಿಲ್ವರ್ ಒಬ್ಬರಿಗೆ ಮಾತ್ರ, ನಿಮಗೆ ಗೋಲ್ಡ್ ಬೇಕು. ಎಕ್ಸೆಲ್‌ಗೆ ಮೈಕ್ರೋಸಾಫ್ಟ್ 365 ಚಂದಾ ಇದ್ದರೆ ಬಿಸಿನೆಸ್ ಸ್ಟ್ಯಾಂಡರ್ಡ್ ಇಂಥ ಹಂಚಿಕೊಂಡ ಸರ್ವರ್‌ನಲ್ಲಿ ನಡೆಯುವುದಿಲ್ಲ, ಬಿಸಿನೆಸ್ ಪ್ರೀಮಿಯಂ ನಡೆಯುತ್ತೆ.

ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ಬಗ್ಗೆ ನೀವು ಕೇಳಿಲ್ಲ, ಆದರೆ ಮೊದಲ ವಾರದಲ್ಲೇ ಕೇಳುತ್ತೀರಿ. ಟೋಕನ್ ಅನ್ನು ಸರ್ವರ್‌ಗೆ ಚುಚ್ಚಿದರೆ ರಿಮೋಟ್ ಸೆಷನ್ ಒಳಗೆ ಕಾಣುವುದಿಲ್ಲ. ವಿಂಡೋಸ್ ಲೆಕ್ಕದಲ್ಲಿ ಟೋಕನ್ ಒಂದು ಸ್ಮಾರ್ಟ್ ಕಾರ್ಡ್, ರಿಮೋಟ್ ಸೆಷನ್ ಅದನ್ನು ಹುಡುಕುವುದು ನೀವು ಕೂತಿರುವ ಪಿಸಿಯಲ್ಲಿ. ಅಲ್ಲಿ ಚುಚ್ಚಿ, ಸರ್ವರ್‌ನಲ್ಲೂ ಡ್ರೈವರ್ ಹಾಕಿದರೆ ಕಾಣುತ್ತೆ. ಆಮೇಲೂ ಒಂದು ತೊಡಕಿದೆ. ಸಹಿ ಹಾಕಿಸುವ ಸಣ್ಣ ತಂತ್ರಾಂಶಗಳು ಕಂಪ್ಯೂಟರ್ ಒಳಗೇ ಒಂದು ನಿಗದಿತ ಪೋರ್ಟ್ (ಸಂಖ್ಯೆ ಇರುವ ಸಂಪರ್ಕದ ಬಾಗಿಲು) ಹಿಡಿದು ಕೂರುತ್ತವೆ. ಎಂಟು ಜನಕ್ಕೂ ಸರ್ವರ್ ಒಂದೇ ಆದ್ದರಿಂದ ಮೊದಲು ತೆರೆದವರಿಗೆ ಪೋರ್ಟ್ ಸಿಗುತ್ತೆ, ಎರಡನೆಯವರಿಗೆ ಎರರ್. ಸಹಿ ಹಾಕುವ ಕೆಲಸವನ್ನು ತಮ್ಮ ತಮ್ಮ ಪಿಸಿಯಲ್ಲೇ ಮಾಡಿಕೊಳ್ಳುವುದು ಸುಲಭ.

ಇನ್ನು ಮನೆಯಿಂದ ಬರುವವರು. ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದು ಬಿಡುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಹಾಗೆ ತೆರೆದ ಪೋರ್ಟನ್ನು ಹುಡುಕಿ, ಪಾಸ್‌ವರ್ಡ್ ಊಹಿಸುತ್ತಾ ಇರುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳಗೆ ಬರುವ ಹಳೇ ದಾರಿ ಇದು. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಬ್ಲೂಕೀಪ್ ಎಂಬ ದೋಷ ಹೊರಬಂದಾಗ, ಆಗಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು. ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಕು ಅನ್ನುವುದೂ ಸುಳ್ಳು ಸಮಾಧಾನ. ವೈರ್‌ಗಾರ್ಡ್‌ನಂಥ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಹಾಕಿಸಿ. ಮನೆಯಿಂದ ಕೆಲಸ ಮಾಡುವವರು ಮೊದಲು ವಿಪಿಎನ್‌ಗೆ ಬಂದು, ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ತೆರೆಯಲಿ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ (ಸೆಷನ್ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷಿಸುವುದು) ಆನ್ ಇರಲಿ. ಬ್ಯಾಕಪ್ ಡಿಸ್ಕ್ ಕೆಲಸ ಮುಗಿದ ಮೇಲೆ ಸರ್ವರ್‌ನಿಂದ ಕಿತ್ತಿಡಿ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬ್‌ಗೆ ಇಷ್ಟೆಲ್ಲಾ ದುಡ್ಡಿಲ್ಲ. ಲಿನಕ್ಸ್‌ನಲ್ಲಿ ಆಗುತ್ತಾ? ಉಬುಂಟು ಲಿನಕ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕೊಡುವ ಎಕ್ಸ್‌ಆರ್‌ಡಿಪಿ ಹಾಕಿದೆ, ಕಪ್ಪು ಪರದೆ ಬರುತ್ತೆ.

ಉತ್ತರ: ಆಗುತ್ತೆ. ಕ್ಯಾಲ್ ಗೀಲ್ ಏನೂ ಬೇಡ, ಒಬ್ಬೊಬ್ಬರಿಗೂ ಬೇರೆ ಸೆಷನ್ ಸಿಗುತ್ತೆ. ವಿಂಡೋಸ್ ಪಿಸಿಯ ಮಾಮೂಲಿ ರಿಮೋಟ್ ಡೆಸ್ಕ್‌ಟಾಪ್‌ನಿಂದಲೇ ಸೇರಬಹುದು. ನಿಮಗೆ ಕಪ್ಪು ಪರದೆ ಬರುವುದು ಬಹುಶಃ ಅದೇ ಯೂಸರ್ ಸರ್ವರ್ ಮುಂದೆ ಕೂತೂ ಲಾಗಿನ್ ಆಗಿರುವುದರಿಂದ. ಅಲ್ಲಿ ಲಾಗೌಟ್ ಮಾಡಿ ನೋಡಿ. ಜೊತೆಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಬದಲು ಎಕ್ಸ್‌ಎಫ್‌ಸಿಇ ಹಾಕಿ. ಹಗುರ, ಹತ್ತಾರು ಮಕ್ಕಳು ಒಟ್ಟಿಗೆ ಬಂದಾಗ ಅದೇ ವಾಸಿ.