ಓದುಗರ ಪ್ರಶ್ನೆ: ಜಿರಲೆ ಓಡಿಸುವುದು ಒಂದೇ ಮನೆಯಿಂದ ಆಗುವ ಕೆಲಸವಲ್ಲ

ಪ್ರಶ್ನೆ: ರಾಜಾಜಿನಗರದ ಹಳೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೇವೆ. ಮೇಡಂ, ತಿಂಗಳಿಗೊಮ್ಮೆ ಜಿರಲೆಗೆ ಸ್ಪ್ರೇ ಹೊಡೆಸುತ್ತೇವೆ. ಹದಿನೈದು ದಿನ ಪರವಾಗಿಲ್ಲ, ಆಮೇಲೆ ಸಣ್ಣ ಸಣ್ಣ ಜಿರಲೆಗಳು ಮತ್ತೆ ಹಾಜರ್. ಮಿಕ್ಸಿ ಒಳಗೂ ಸೇರಿಕೊಂಡಿವೆ. ಕೆಳಗಿನ ಮನೆಯವರು ಬೇರೆ, ನಿಮ್ಮ ಮನೆಯಿಂದಲೇ ನಮಗೆ ಬರುತ್ತಿವೆ ಎಂದು ಜಗಳಕ್ಕೆ ಬರುತ್ತಾರೆ. ಏನು ಮಾಡಲಿ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಕೆಳಗಿನ ಮನೆಯವರ ಮಾತಿನಲ್ಲಿ ಸತ್ಯ ಇರಬಹುದು. ಸ್ಪ್ರೇ ಹೊಡೆದಾಗ ಎದುರಿಗೆ ಸಿಕ್ಕಿದ್ದು ಸಾಯುತ್ತದೆ. ಉಳಿದದ್ದು ವಾಸನೆಗೆ ಹೆದರಿ ಪೈಪಿನ ಸಂದಿಯಲ್ಲಿ ನುಗ್ಗಿ ಮೇಲಿನ ಮನೆಗೋ ಕೆಳಗಿನ ಮನೆಗೋ ಹೋಗುತ್ತದೆ. ಅವರು ಸ್ಪ್ರೇ ಹೊಡೆಸಿದರೆ ನಿಮ್ಮಲ್ಲಿಗೆ ವಾಪಸ್. ಇದಕ್ಕೆ ಎರಡೂ ಮನೆಯವರು ದುಡ್ಡು ಕೊಡುತ್ತಿದ್ದೀರಿ, ಅಲ್ವಾ? ನನಗೆ ಸಂಕಟ ಆಗುವುದು ಅದಕ್ಕೇ.

ನೀವು ಹೇಳುವ ಸಣ್ಣ ಜಿರಲೆ ಜರ್ಮನ್ ಜಿರಲೆ. ಒಂದೂವರೆ ಸೆಂಟಿಮೀಟರ್ ಉದ್ದ, ತಿಳಿ ಕಂದು, ಕತ್ತಿನ ಮೇಲೆ ಎರಡು ಕಪ್ಪು ಗೆರೆ. ಹೆಣ್ಣು ತನ್ನ ಮೊಟ್ಟೆಚೀಲವನ್ನು ಮರಿ ಆಗುವ ಹೊತ್ತಿನ ತನಕ ಹಿಂಬದಿಯಲ್ಲೇ ಹೊತ್ತು ತಿರುಗುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಅಂಥ ಹೆಣ್ಣು ಸಂದಿಯ ಆಳದಲ್ಲೇ ಕೂತಿರುವುದು ಜಾಸ್ತಿ, ಸ್ಪ್ರೇ ಅಲ್ಲಿಗೆ ಮುಟ್ಟುವುದೇ ಇಲ್ಲ. ನಿಮ್ಮ ಹದಿನೈದು ದಿನದ ಲೆಕ್ಕ ಬರುವುದು ಅಲ್ಲಿಂದ.

ಇದರ ವಂಶವಾಹಿ ಪರೀಕ್ಷಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಹೆಸರು ಜರ್ಮನ್ ಆದರೂ ಸುಮಾರು 2,100 ವರ್ಷದ ಹಿಂದೆ ಇದು ಹುಟ್ಟಿದ್ದು ಭಾರತ ಅಥವಾ ಮ್ಯಾನ್ಮಾರ್ ಕಡೆ, ಏಷ್ಯನ್ ಜಿರಲೆಯಿಂದ. ಇದು ಕಾಡಿನಲ್ಲಿ, ಬಯಲಿನಲ್ಲಿ ಬದುಕುವುದಿಲ್ಲ. ಮನುಷ್ಯರ ಕಟ್ಟಡ ಬಿಟ್ಟರೆ ಇದಕ್ಕೆ ಬೇರೆ ಗತಿಯಿಲ್ಲ. ಅಂದರೆ ನಿಮ್ಮ ಕಟ್ಟಡಕ್ಕೆ ಇದು ತೋಟದಿಂದ ಬಂದಿದ್ದಲ್ಲ. ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲೋ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನಲ್ಲೋ ಬಂದಿದೆ. ಇಡೀ ಕಟ್ಟಡ ಒಟ್ಟಿಗೆ ನಿಂತರೆ ಇದನ್ನು ನಿಜವಾಗಿ ಮುಗಿಸಬಹುದು. ಇದು ನಾನು ಪೂರ್ತಿ ನಂಬಿಕೆಯಿಂದ ಹೇಳುವ ಮಾತು.

ಮೊದಲು ಜಾಗ ಹುಡುಕಿ. ಅಡುಗೆಮನೆಗೆ ಹೋದರೆ ನಾನು ಮೊದಲು ಕೈ ಹಾಕುವುದು ಮಿಕ್ಸಿಗೆ. ಪ್ಲಗ್ ಕಿತ್ತು, ತಲೆಕೆಳಗು ಮಾಡಿ, ಗಾಳಿ ಹೋಗುವ ಸೀಳುಗಳಿಗೆ ಟಾರ್ಚು ಬಿಡುತ್ತೇನೆ. ರಬ್ಬರ್ ಕಾಲಿನ ಸುತ್ತ ಕಾಫಿಪುಡಿ ಉದುರಿದ ಹಾಗೆ ಕಪ್ಪು ಚುಕ್ಕಿ ಇದ್ದರೆ ಅದು ಅವುಗಳ ಹಿಕ್ಕೆ. ಆಮೇಲೆ ಫ್ರಿಜ್ಜಿನ ಹಿಂದೆ, ಮೋಟಾರಿನ ಬಿಸಿ ಇರುವ ಕಡೆ. ಆಮೇಲೆ ಕಪಾಟಿನ ಕೀಲು. ಕೊನೆಗೆ ಸಿಂಕಿನ ಕೆಳಗೆ ಪೈಪು ಗೋಡೆ ಸೇರುವ ಕಡೆ ಇರುವ ಸ್ಟೀಲ್ ಬಿಲ್ಲೆ. ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ. ಹಳೇ ಕಟ್ಟಡಗಳಲ್ಲಿ ಉಳಿಯಿಂದ ಮೂರು ಬೆರಳು ಹೋಗುವಷ್ಟು ತೂತು ಒಡೆದು, ಒಂದು ಬೆರಳಿನ ಪೈಪು ತೂರಿಸಿ, ಬಿಲ್ಲೆಯಿಂದ ಮುಚ್ಚಿಬಿಟ್ಟಿರುತ್ತಾರೆ. ಎಷ್ಟೋ ಕಡೆ ಆ ತೂತು ನೇರವಾಗಿ ಪೈಪ್ ಡಕ್ಟಿಗೆ, ಅಂದರೆ ಎಲ್ಲ ಮನೆಗಳ ಪೈಪು ಮೇಲಿಂದ ಕೆಳಗೆ ಇಳಿಯುವ ಕಿಂಡಿಗೆ, ತೆರೆದುಕೊಂಡಿರುತ್ತದೆ. ಎಲ್ಲ ಮಹಡಿಗೂ ಅದೇ ದಾರಿ. ಅಲ್ಲಿಗೆ ಸಿಮೆಂಟೋ ಎಂ-ಸೀಲೋ ಗಟ್ಟಿಯಾಗಿ ತುಂಬಿ. ಸ್ವಿಚ್‌ಬೋರ್ಡಿನ ಹಿಂದಿನ ಪೈಪಿನ ಬಾಯಿ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮುಚ್ಚಿಸಿ, ಅಲ್ಲಿಗೆ ನೀವೇ ಏನೂ ಸಿಂಪಡಿಸಬೇಡಿ.

ಇದಾದ ಮೇಲೆ ಜೆಲ್. ಫಿಪ್ರೋನಿಲ್ 0.05% ಅಥವಾ ಇಮಿಡಾಕ್ಲೋಪ್ರಿಡ್ 2.15% ಇರುವ ಜೆಲ್ ಸಿಗುತ್ತದೆ. ಸಾಸಿವೆಕಾಳಿನಷ್ಟು ಚುಕ್ಕಿ ಇಟ್ಟರೆ ಸಾಕು, ಆದರೆ ಚುಕ್ಕಿಗಳು ಬೇಕಾದಷ್ಟು ಇರಲಿ. ಕೀಲಿನ ಒಳಗೆ, ಸಿಂಕಿನ ಅಡಿ, ಫ್ರಿಜ್ಜಿನ ಹಿಂದೆ, ಮಕ್ಕಳ ಕೈ ಹೋಗದ ಕಡೆ ಇಡಿ. ತಿಂದ ಜಿರಲೆ ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದು ಹೊರಗೆ ಬಾರದ ಮರಿಗಳೂ ಸಾಯುತ್ತವೆ. ಎರಡು ವಾರ ಬಿಟ್ಟು ಮತ್ತೆ ಇಡಿ, ಅಷ್ಟರಲ್ಲಿ ಮೊಟ್ಟೆ ಒಡೆದು ಬಂದ ಮರಿಗಳಿಗೂ ಸಿಗಲಿ. ಜೆಲ್ ಇಟ್ಟ ಕಡೆ ಸ್ಪ್ರೇ, ಫಿನಾಯಿಲ್ ಯಾವುದೂ ಬೇಡ. ವಾಸನೆ ಇದ್ದರೆ ಜಿರಲೆ ಅತ್ತ ಮೂಸಿಯೂ ನೋಡುವುದಿಲ್ಲ. ರಾತ್ರಿ ಸಿಂಕ್ ಒರೆಸಿ ಒಣಗಿಸಿ ಮಲಗಿ, ಮುಸುರೆ ಪಾತ್ರೆ ಬೆಳಗ್ಗೆಗೆ ಬಿಡಬೇಡಿ. ಬೇರೆ ಊಟ ಸಿಕ್ಕರೆ ಜೆಲ್ ಯಾಕೆ ತಿನ್ನುತ್ತದೆ?

ಬಚ್ಚಲಿನಲ್ಲಿ ಬರುವ ದೊಡ್ಡ ಕೆಂಪು ಜಿರಲೆ ಬೇರೆ ಜಾತಿ, ಅದು ಚರಂಡಿಯದು. ಬಳಸದ ಬಾತ್‌ರೂಮಿನ ಮೋರಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ. ಒಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತಿದ್ದರೆ ಅದಕ್ಕೆ ಮೇಲೆ ಹತ್ತುವುದು ಕಷ್ಟ.

ಈಗ ಕೆಳಗಿನ ಮನೆಗೆ ಹೋಗಿ. ಒಂದು ಭಾನುವಾರ ಗೊತ್ತುಮಾಡಿ, ಒಂದೇ ಡಕ್ಟಿಗೆ ಸೇರಿದ ಎಲ್ಲ ಮನೆಯವರು ಅದೇ ದಿನ ತೂತು ಮುಚ್ಚಿ, ಅದೇ ರಾತ್ರಿ ಜೆಲ್ ಇಡಿ. ಅಸೋಸಿಯೇಷನ್ ದುಡ್ಡಿನಲ್ಲಿ ಡಕ್ಟ್ ತೊಳೆಸಿ.

ಪ್ರಶ್ನೆ: ಮೈಸೂರಿನ ಲಕ್ಷ್ಮೀಪುರಂನಲ್ಲಿ ತಾತನ ಕಾಲದ ಮದ್ರಾಸ್ ಟೆರೇಸ್ ಮನೆ. ದೇವರಮನೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಸೀಮೆಎಣ್ಣೆ ಬಳಿಯಿರಿ ಎನ್ನುತ್ತಾರೆ. ಸರಿಯೇ?

ಉತ್ತರ: ಬೇಡ. ದೀಪ ಹಚ್ಚುವ ಜಾಗದಲ್ಲಿ ಸೀಮೆಎಣ್ಣೆ ಬಳಿಯುವ ಮಾತೇ ಬೇಡ. ಅದು ತಾಗಿದ ನಾಲ್ಕು ಹುಳ ಸಾಯುತ್ತವೆ. ರಾಣಿ ನೆಲದೊಳಗೆ ಆರಾಮಾಗಿರುತ್ತದೆ.

ಗೋಡೆ ಮೇಲೆ ಮಣ್ಣಿನ ಗೆರೆ ಕಾಣುತ್ತದಲ್ಲ, ಅದನ್ನು ಎರಡು ಅಂಗುಲ ಒಡೆದು ಬಿಡಿ. ಮೂರು ನಾಲ್ಕು ದಿನದಲ್ಲಿ ಹಸಿ ಮಣ್ಣಿನಿಂದ ಮತ್ತೆ ಕಟ್ಟಿದ್ದರೆ ಗೂಡು ಜೀವಂತ ಇದೆ. ಹಿಂದೆ ಬಚ್ಚಲಿದೆಯಾ, ಪೈಪು ಸೋರುತ್ತಿದೆಯಾ ನೋಡಿ. ತೇವ ನಿಲ್ಲಿಸದೆ ಯಾವ ಔಷಧಿಯೂ ಉಳಿಯುವುದಿಲ್ಲ.

ಸರಿಯಾದ ಚಿಕಿತ್ಸೆಯಲ್ಲಿ ಗೋಡೆ ನೆಲ ಸೇರುವ ಕಡೆ ಸುಮಾರು 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆದು, ಒಳಗಿನ ಮಣ್ಣಿಗೆ ಔಷಧಿ ಇಳಿಸಿ ಮುಚ್ಚುತ್ತಾರೆ. ಗೆದ್ದಲು ತಡೆಗೆ ಇರುವ ಭಾರತೀಯ ಮಾನದಂಡ ಐಎಸ್ 6313ರಲ್ಲಿ ಕಟ್ಟಿದ ಮನೆಗಳಿಗೆಂದೇ ಇರುವ 3ನೇ ಭಾಗದ ಪ್ರಕಾರ ಮಾಡುತ್ತೀರಾ ಎಂದು ಕೇಳಿ. ಚೌಕಟ್ಟಿನ ಮೇಲೆ ಸುಮ್ನೆ ಸಿಂಪಡಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ.

ಅದಕ್ಕೂ ಮೊದಲು ತಲೆ ಎತ್ತಿ ನೋಡಿ. ಮದ್ರಾಸ್ ಟೆರೇಸಿನ ಇಟ್ಟಿಗೆ, ಗಾರೆ ಎಲ್ಲದರ ಭಾರ ಮರದ ತೊಲೆಗಳ ಮೇಲಿದೆ. ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ತಟ್ಟಿ. ಟೊಳ್ಳು ಸದ್ದು ಬಂದರೆ, ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋದರೆ, ಔಷಧಿಯವರಿಗಿಂತ ಮೊದಲು ಎಂಜಿನಿಯರನ್ನು ಕರೆಸಿ. ಆ ಕೋಣೆಯಲ್ಲಿ ಅಷ್ಟು ದಿನ ಯಾರೂ ಮಲಗಬೇಡಿ.

ಪ್ರಶ್ನೆ: ಚಾಮರಾಜಪೇಟೆಯ ವಠಾರದಲ್ಲಿ ಬಾಡಿಗೆಗಿದ್ದೇವೆ. ಇಲಿ ಕಾಟ ವಿಪರೀತ. ಗೋಧಿ ಮೂಟೆಗೆ ಇಡುವ ಮಾತ್ರೆಯನ್ನು ಬಿಲಕ್ಕೆ ಹಾಕಿದರೆ ಒಂದೇ ದಿನದಲ್ಲಿ ಸಾಯುತ್ತವೆ ಎಂದು ಅಂಗಡಿಯವರು ಹೇಳಿದರು. ಹಾಕಬಹುದಾ?

ಉತ್ತರ: ಕೈ ಮುಗಿದು ಕೇಳಿಕೊಳ್ಳುತ್ತೇನೆ, ಹಾಕಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ವಠಾರದಲ್ಲಿ ಮನೆ ಮನೆಗೂ ಗೋಡೆ ಒಂದೇ. ಬಿಲ ನಿಮ್ಮ ಮನೆಯಲ್ಲಿ ಶುರುವಾಗಿ ಪಕ್ಕದ ಮಗು ಮಲಗುವ ಚಾಪೆಯ ಹತ್ತಿರ ಮುಗಿಯಬಹುದು. ಆ ವಿಷಕ್ಕೆ ಪ್ರತಿವಿಷ ಇಲ್ಲ. ಅದನ್ನು ಜನಸಾಮಾನ್ಯರಿಗೆ ಮಾರುವ ಹಾಗೇ ಇಲ್ಲ. ಹಳದಿ ರಂಜಕದ ಇಲಿ ಪೇಸ್ಟ್ ಕೂಡ ಬೇಡ. ಅದು ಲಿವರ್ ಹಾಳುಮಾಡುತ್ತದೆ, ಅದಕ್ಕೂ ಪ್ರತಿವಿಷ ಇಲ್ಲ.

ಬೆಂಗಳೂರು ಇಲಿಗಳಿಂದ ಪಟ್ಟ ಪಾಡು ಸಣ್ಣದಲ್ಲ. 1898ರಲ್ಲಿ ಪ್ಲೇಗ್ ಬಂದ ಮೇಲೆಯೇ ಕಿಷ್ಕಿಂಧೆಯಂಥ ಪೇಟೆಯಿಂದ ಜನ ಹೊರಬಂದು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕಿಗೆ ಅಗಲ ರಸ್ತೆ, ಮನೆಗಳ ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಈಗ ಅಂಥ ಎಷ್ಟೋ ಗಲ್ಲಿಗಳಲ್ಲಿ ಕಸ ತುಂಬಿ ಹೆಗ್ಗಣ ಓಡಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಲೇಗ್ ಹೋಯಿತು, ಇಲಿಜ್ವರ ಇನ್ನೂ ಇದೆ.

ನೀವು ಮಾಡಬೇಕಾದ್ದು ಹೀಗೆ. ಸಣ್ಣ ಇಲಿಗೆ 6 ಮಿಲಿಮೀಟರಿನ ಸಂದಿ ಸಾಕು, ಪೆನ್ಸಿಲ್ ತೂರುವ ಜಾಗವೆಲ್ಲ ಅದರ ಬಾಗಿಲು. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ತುರುಕಿ ಮೇಲೆ ಸಿಮೆಂಟ್ ಹಾಕಿ, ಬರೀ ಸಿಮೆಂಟಾದರೆ ಹಸಿ ಇದ್ದಾಗಲೇ ಕೆರೆದುಬಿಡುತ್ತದೆ. ಮೋರಿಗೆ ಕಬ್ಬಿಣದ ಜಾಲಿ, ಬಾಗಿಲ ಅಡಿಗೆ ತಗಡಿನ ಪಟ್ಟಿ ಹಾಕಿಸಿ. ಬೋನನ್ನು ಗೋಡೆಗೆ ಒತ್ತಿ ಇಡಿ, ನಡುಮನೆಯಲ್ಲಿ ಇಟ್ಟರೆ ಬೀಳುವುದಿಲ್ಲ. ಇಲಿಗೆ ಹೊಸ ವಸ್ತು ಎಂದರೆ ಅನುಮಾನ. ಮೊದಲ ಎರಡು ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿ ಚೂರು ಸುಮ್ನೆ ತಿನ್ನಲು ಬಿಡಿ, ಆಮೇಲೆ ಬೋನು ಹೂಡಿ. ಹಸಿ ಕಸ ರಾತ್ರಿ ಹೊರಗೆ ಇಡಬೇಡಿ, ಬೆಳಗ್ಗೆ ಗಾಡಿಗೇ ಕೊಡಿ. ವಠಾರದ ಎಲ್ಲ ಮನೆಯವರೂ ಇದನ್ನು ಒಟ್ಟಿಗೆ ಶುರುಮಾಡಿ. ಗೋಡೆ ರಿಪೇರಿ ಮಾಲೀಕರ ಹೊಣೆ, ಎಲ್ಲರೂ ಸೇರಿ ಕೇಳಿ.

ಮಾತ್ರೆ ಈಗಾಗಲೇ ತಂದಿದ್ದರೆ ಡಬ್ಬ ತೆರೆಯಬೇಡಿ. ನೀರಿಗೂ ಕಸಕ್ಕೂ ಹಾಕಬೇಡಿ. ಒದ್ದೆ ಆಗದಂತೆ ಅಂಗಡಿಗೇ ವಾಪಸ್ ಕೊಡಿ. ಬಿಲಕ್ಕೆ ಹಾಕಿಬಿಟ್ಟಿದ್ದರೆ ಪತ್ರಿಕೆ ಕೆಳಗಿಡಿ, ಅಕ್ಕಪಕ್ಕದವರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಯಾರಿಗಾದರೂ ವಾಂತಿ, ಉಸಿರಾಟದ ತೊಂದರೆ ಶುರುವಾಗಿದ್ದರೆ ಕಾಯಬೇಡಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಹೇಳಿ.