ಬಾದಾಮಿಯಲ್ಲಿ ಸಮುದಾಯ ರೇಡಿಯೊ ಹಾಕಿದರೆ ಗುಡ್ಡದಾಚೆಯ ಹಳ್ಳಿಗೆ ಕೇಳಿಸದೇಕೆ? ಕೇಳುಗರ ದೇಣಿಗೆಯಲ್ಲಿ ದೊಡ್ಡ ಟ್ರಾನ್ಸ್‌ಮಿಟರ್ ತಂದರೆ ಆದೀತೆ?

ಆಗದು. ತೊಡಕು ಗುಡ್ಡದ್ದು, ಶಕ್ತಿಯದ್ದಲ್ಲ. ಎಫ್‌ಎಂ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಆಂಟೆನಾಕ್ಕೂ ಹಳ್ಳಿಗೂ ನಡುವೆ ಮರಳುಗಲ್ಲಿನ ಗುಡ್ಡ ನಿಂತರೆ ಅದರ ಹಿಂದೆ ನೆರಳು ಬಿದ್ದಂತೆ. ಅಲ್ಲಿ ಬರೀ ಕರಕರ ಸದ್ದು. ತೆರೆದ ಬಯಲಿನಲ್ಲೂ ಎರಡು ಪಟ್ಟು ದೂರಕ್ಕೆ ಕನಿಷ್ಠ ನಾಲ್ಕು ಪಟ್ಟು ಶಕ್ತಿ ಬೇಕು. ನಿಯಮವೂ ಒಪ್ಪದು: ಆಂಟೆನಾದಿಂದ ಹೊರಬೀಳುವ ಶಕ್ತಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ, ಎತ್ತರಕ್ಕೆ ನೆಲದಿಂದ 30 ಮೀಟರ್.

ಜನರು ಕೊಟ್ಟ ದುಡ್ಡನ್ನು ಆ ಎತ್ತರಕ್ಕೇ ಹಾಕಿ. ಬಯಲಿನಲ್ಲಿ 15 ಮೀಟರ್ ಆಂಟೆನಾದ ದಿಗಂತ, ಅಂದರೆ ಅಲೆ ನೇರವಾಗಿ ತಲುಪಬಲ್ಲ ದೂರ, ಸುಮಾರು 16 ಕಿ.ಮೀ., 30 ಮೀಟರಿಗೆ 23. ಗುಡ್ಡವನ್ನಂತೂ ಕಂಬದಿಂದ ಗೆಲ್ಲಲಾಗದು, ಆಂಟೆನಾ ನಿಲ್ಲಿಸಲು ಎರಡೂ ಕಡೆ ಕಾಣುವ ದಿನ್ನೆಯನ್ನೇ ಮೊದಲು ಹುಡುಕಬೇಕು.

ಇದ್ದ ವ್ಯಾಪ್ತಿಯೂ ಮಳೆಗಾಲದಲ್ಲಿ ಕುಗ್ಗಿದರೆ ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನ ಜೋಡಣೆ ನೋಡಿ. ಅಲ್ಲಿ ನೀರು ಇಳಿದರೆ ಶಕ್ತಿಯ ಒಂದು ಪಾಲು ಹಿಂದಕ್ಕೆ ಹೊಡೆಯುತ್ತದೆ, ಟ್ರಾನ್ಸ್‌ಮಿಟರ್ ಸುಟ್ಟುಹೋಗದಿರಲು ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಜೋಡಣೆಗೆ ರಬ್ಬರ್ ಟೇಪನ್ನು ಎಳೆದು ಸುತ್ತಿ, ಕೇಬಲ್ ಕೋಣೆಯೊಳಗೆ ಹೋಗುವ ಮೊದಲು ಕೆಳಕ್ಕೊಂದು ಬಳುಕು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.