ಪಾಠ ತಲೆಗೆ ಎಷ್ಟು ಭಾರ ಅಂತ ಅಳೆಯಲು ಇಇಜಿ ಪಟ್ಟಿ ಬೇಕಾ?

ಮಂಡ್ಯದಲ್ಲಿ ಐಟಿಐ ಹುಡುಗರಿಗೆ ಪಾಠ ಮಾಡುತ್ತೀರಿ, ಅವರ ತಲೆಗೆ ಎಷ್ಟು ಭಾರ ಬೀಳುತ್ತಿದೆ ಅಂತ ಅಳೆಯಲು ಮೆದುಳಿನ ವಿದ್ಯುತ್ ಸಂಕೇತ ಹಿಡಿಯುವ, ಹಣೆಗೆ ಕಟ್ಟುವ ಇಇಜಿ ಪಟ್ಟಿ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಸಾರ್. ಆ ದುಡ್ಡಿಗೆ ಒಳ್ಳೆ ವರ್ನಿಯರ್ ತನ್ನಿ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಸ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಮೆಷಿನ್) ಆಪರೇಟರ್‌ಗಳಿಗೆ ಟ್ರೈನಿಂಗ್ ಕೊಡುತ್ತೇನೆ. ಕೇಳುವುದು ಒಂದೇ ಪ್ರಶ್ನೆ: ಈ ಕೆಲಸಕ್ಕೆ ತಲೆ ಎಷ್ಟು ಓಡಿಸಬೇಕಾಯಿತು? 1ರಿಂದ 9ರೊಳಗೆ ಒಂದು ಅಂಕಿ ಬರೆಯಬೇಕು, ಅಷ್ಟೇ. ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಫ್ರೆಡ್ ಪಾಸ್ 1992ರಲ್ಲಿ ಬಳಸಿದ ಅಳತೆ ಇದು, ಇವತ್ತಿಗೂ ಸಂಶೋಧಕರು ಬಳಸುತ್ತಾರೆ. ಆದರೆ ಒಂದೊಂದು ಕೆಲಸ ಮುಗಿದ ತಕ್ಷಣ ಕೇಳಿ. ಸಂಜೆ ಒಟ್ಟಿಗೆ ಕೇಳಿದರೆ ಅಂಕಿ ಜಾಸ್ತಿ ಬರುತ್ತದೆ, ಯಾವ ಪಾಠ ಭಾರವಾಯಿತು ಅನ್ನುವುದೂ ಗೊತ್ತಾಗುವುದಿಲ್ಲ.

ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಪಕ್ಕದಲ್ಲೇ ಜಾಬ್ (ಮೆಷಿನ್ ಮೇಲೆ ಮಾಡಿದ ಭಾಗ) ಸರಿ ಬಂತೋ ಇಲ್ಲವೋ ಬರೆದುಕೊಳ್ಳಿ. 7 ಬರೆದು ಜಾಬ್ ಸರಿ ಬಂದಿದ್ದರೆ ಹುಡುಗ ಕಷ್ಟಪಟ್ಟು ಕಲಿಯುತ್ತಿದ್ದಾನೆ, ಮತ್ತೆರಡು ಸಲ ಮಾಡಿಸಿದರೆ ಅಂಕಿ ಇಳಿಯಬಹುದು. 8 ಬರೆದು ಜಾಬ್ ಸ್ಕ್ರಾಪ್ ಆಗಿದ್ದರೆ ಪಾಠ ಒಡೆದು ಕೊಡಬೇಕು. 2 ಬರೆದು ಸ್ಕ್ರಾಪ್ ಆಗಿದ್ದರೆ ಮಾತ್ರ ನನಗೆ ನಿಜವಾಗಿ ಚಿಂತೆ, ಯಾಕೆಂದರೆ ಅವನು ಆಗಲೇ ಕೈ ಚೆಲ್ಲಿದ್ದಾನೆ, ಇಲ್ಲವೇ ಸಾರ್ ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಒಂದು ಅಂಕಿ ಗೀಚಿದ್ದಾನೆ.

ಈಗ ಭಾರ ಎಲ್ಲಿಂದ ಬಂತು ಅನ್ನುವುದು. ಆಸ್ಟ್ರೇಲಿಯಾದ ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1980ರ ದಶಕದಿಂದ ಹೇಳುತ್ತಾ ಬಂದ ಮಾತು ನಮ್ಮ ಶಾಪ್‌ನಲ್ಲಿ ದಿನಾ ಕಣ್ಣಿಗೆ ಬೀಳುತ್ತದೆ: ವಿಷಯವೇ ಕಷ್ಟ ಇರುವುದು ಒಂದು, ನಾವು ಹೇಳಿಕೊಡುವ ರೀತಿಯಿಂದ ಕಷ್ಟ ಆಗುವುದು ಇನ್ನೊಂದು. ಎರಡನೆಯದು ಹೀಗೆ: ಡ್ರಾಯಿಂಗ್ ಗೋಡೆ ಮೇಲೆ, ಜಿ-ಕೋಡ್ (ಮೆಷಿನ್ ಹೇಗೆ ಚಲಿಸಬೇಕು ಅಂತ ಹೇಳುವ ಆಜ್ಞೆಗಳು) ಪಟ್ಟಿ ಪುಸ್ತಕದಲ್ಲಿ, ಪ್ರೋಗ್ರಾಂ ಮೆಷಿನ್ ಸ್ಕ್ರೀನ್ ಮೇಲೆ. ಹೊಸಬ ಒಂದನ್ನು ನೆನಪಿಟ್ಟುಕೊಂಡು ಇನ್ನೊಂದರ ಕಡೆ ತಿರುಗುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ, ಅಲ್ವಾ? ಡ್ರಾಯಿಂಗ್‌ನಲ್ಲಿ ಆಯಾ ಗೆರೆಯ ಪಕ್ಕದಲ್ಲೇ ಜಿ01, ಜಿ02 ಅಂತ ಪ್ರಿಂಟ್ ಹಾಕಿಸಿದ ಮೇಲೆ ನಮ್ಮಲ್ಲಿ ಅಂಕಿ ಇಳಿಯಿತು. ಟೂಲ್ ಆಫ್‌ಸೆಟ್, ಅಂದರೆ ಟೂಲಿನ ಅಳತೆಯನ್ನು ಮೆಷಿನ್‌ಗೆ ತಿಳಿಸುವ ಪಾಠದ್ದು ಇಳಿಯಲಿಲ್ಲ. ಅದು ಕಷ್ಟದ ವಿಷಯವೇ, ಅದಕ್ಕೆ ಜಾಸ್ತಿ ಸಮಯ ಕೊಡದೆ ಬೇರೆ ದಾರಿ ಇಲ್ಲ. ಕೋಡ್ ಪ್ರಿಂಟ್ ಹಾಕಿದ ಇದೇ ಡ್ರಾಯಿಂಗ್ ಹಾಳೆಯನ್ನು ಎರಡು ವರ್ಷ ಮೆಷಿನ್ ಓಡಿಸಿದವರಿಗೆ ಕೊಟ್ಟರೆ ಕಿರಿಕಿರಿ. ಗೊತ್ತಿರುವುದನ್ನೇ ಮತ್ತೆ ಓದಬೇಕಲ್ಲ.

ಇನ್ನೂ ವಿವರ ಬೇಕಿದ್ದರೆ ನಾಸಾ ಟಿಎಲ್‌ಎಕ್ಸ್ ಅನ್ನುವ ಪ್ರಶ್ನೆ ಹಾಳೆ ಇದೆ, 1988ರದು. ತಲೆಯ ಕೆಲಸ, ಮೈಯ ಕೆಲಸ, ಸಮಯದ ಒತ್ತಡ, ಕೆಲಸ ಎಷ್ಟು ಚೆನ್ನಾಗಿ ಆಯಿತು, ಎಷ್ಟು ಶ್ರಮ ಹಾಕಿದೆ, ಎಷ್ಟು ರೇಗಿತು, ಹೀಗೆ ಆರು ಬಾಬತ್ತು. ವಾರಕ್ಕೊಂದು ಸಲ ಸಾಕು. ಕಣ್ಣಿನ ಪಾಪೆ ಅಳೆಯುವ ದಾರಿಯೂ ಇದೆ. ನೆನಪಿಡಬೇಕಾದ ಅಂಕಿಗಳು ಹೆಚ್ಚಿದಂತೆ ಪಾಪೆ ಹಿಗ್ಗುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಬೀಟಿ 1966ರಲ್ಲೇ ತೋರಿಸಿದ್ದಾರೆ. ಆದರೆ ಬೆಳಕು ಬದಲಾದರೂ ಪಾಪೆ ಬದಲಾಗುತ್ತದೆ, ಶಾಪ್‌ನಲ್ಲಿ ಅದನ್ನು ನಂಬುವುದು ಕಷ್ಟ.

ಚೀಟಿಯಲ್ಲಿ ಹೆಸರು ಬೇಡ, ಜಾಬ್ ನಂಬರ್ ಸಾಕು. ಇಂಟರ್ನಲ್ ಮಾರ್ಕ್ಸ್‌ಗಂತೂ ಸೇರಿಸಲೇಬೇಡಿ, ಸೇರಿಸಿದರೆ ಎಲ್ಲರೂ 3 ಬರೆದು ಕೊಡುತ್ತಾರೆ.